ಸಾಫ್ಟ್‌ವೇರ್ ವೃತ್ತಿ: ಸಂಬಳ, ಸಂಕಟ ಮತ್ತು ಸಂತೃಪ್ತಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಾಫ್ಟ್‌ವೇರ್ ಇಂಜಿನಿಯರ್ ಆಗುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ನನ್ನನ್ನು ಕರೆದರು. ಆ ವಿಷಯ ಹೇಳುವವರು ಬಹಳ ಜನ ಇದ್ದಾರೆ. ಆದ ಮೇಲೆ ಏನಾಗುತ್ತದೆ, ಹತ್ತಿಪ್ಪತ್ತು ವರ್ಷ ಆ ಕೆಲಸದಲ್ಲಿ ಇದ್ದವನಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳುವವರು ಕಡಿಮೆ. ಅಧ್ಯಕ್ಷರ ಅಪ್ಪಣೆ ಪಡೆದು ಇಂದು ನಾನು ಆ ಮಾತನ್ನೇ ಆಡುತ್ತೇನೆ. ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಕಣ್ಣು ತೆರೆದುಕೊಂಡು ಬನ್ನಿ ಎಂದು ಹೇಳುವುದಷ್ಟೇ ನನ್ನ ಉದ್ದೇಶ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ, ನಮ್ಮ ಈ ನಾಲ್ಕೂ ತಾಲ್ಲೂಕುಗಳ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಕಾಲುವೆ ನೀರು ಬಂದ ಕಡೆ ಪರವಾಗಿಲ್ಲ. ಉಳಿದ ಕಡೆ ಜೋಳ, ತೊಗರಿ, ಲಿಂಬೆ ಯಾವುದೇ ಇರಲಿ, ಮಳೆರಾಯನನ್ನೇ ನಂಬಬೇಕು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವಾ, ಮಂಗಳೂರು, ಪುಣೆ, ಬೆಂಗಳೂರು ಎಂದು ಗುಳೆ ಹೋಗಬೇಕು. ಇದನ್ನೆಲ್ಲ ಕಂಡ ತಂದೆತಾಯಿಗಳು "ನನ್ನ ಮಗ ನೆರಳಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡಲಿ" ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಂದೆಯೂ ಹಾಗೆಯೇ ಬಯಸಿದರು. ಅವರದು ಸಿಂದಗಿಯಲ್ಲಿ ಒಂದು ಸಣ್ಣ ಟೇಲರ್ ಅಂಗಡಿ. 2005ರಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿ ಸೇರಿದೆ. ಮೊದಲ ತಿಂಗಳ ಸಂಬಳ ಅಬ್ಬಾ ಅವರ ಮೂರು ತಿಂಗಳ ಗಳಿಕೆಗಿಂತ ಹೆಚ್ಚಾಗಿತ್ತು. ಆ ವರ್ಷ ರಂಜಾನ್ ಹಬ್ಬಕ್ಕೆ ಊರಿಗೆ ಬಂದಾಗ ಅವರು ಮಿಶಿನ್ ನಿಲ್ಲಿಸಿ ನನ್ನನ್ನು ಒಂದು ಮಾತು ಕೇಳಿದರು: "ಬೇಟಾ, ಅಲ್ಲಿ ನೀ ದಿನಾ ಏನ್ ಮಾಡ್ತೀಪಾ?"

ನಾನು ಏನೋ ಹೇಳಿದೆ. ಅವರಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೇ ತಿಳಿದಿರಲಿಲ್ಲ. ಅವರು ಹೊಲಿದ ಅಂಗಿಯನ್ನು ಹಾಕಿಕೊಂಡ ಜನ ಅದೇ ಬಜಾರಿನಲ್ಲಿ ಓಡಾಡುತ್ತಿದ್ದರು. ನಾನು ಆರು ತಿಂಗಳಿನಿಂದ ಬರೆದದ್ದನ್ನು ಯಾರು ಬಳಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಈ ಕೆಲಸ ಎಂದರೇನು?

ಬಂಧುಗಳೇ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದಿತು. ಅದಕ್ಕೆ 2 ವರ್ಷ ಮೊದಲು, 1983ರಲ್ಲಿ, ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತ್ತು. ಅಲ್ಲಿಂದೀಚೆಗೆ ಈ ಉದ್ಯಮ ಬೆಳೆದ ರೀತಿಯನ್ನು ಹೇಳಬೇಕಾಗಿಲ್ಲ. ಆದರೆ ಒಳಗಿನ ಕೆಲಸ ಸಿನಿಮಾದಲ್ಲಿ ತೋರಿಸುವಂತೆ ಇರುವುದಿಲ್ಲ. ಹೊಸದಾಗಿ ಸೇರಿದವನ ಹೆಚ್ಚಿನ ಕೆಲಸವೆಂದರೆ ಬೇರೆಯವರು ಎಂಟು ಹತ್ತು ವರ್ಷಗಳ ಹಿಂದೆ ಬರೆದಿಟ್ಟ ಪ್ರೋಗ್ರಾಮನ್ನು ಓದುವುದು, ಅದರಲ್ಲಿರುವ ತಪ್ಪನ್ನು ಹುಡುಕುವುದು, ಒಂದು ಸಣ್ಣ ಬದಲಾವಣೆ ಮಾಡುವುದು, ಅದರಿಂದ ಬೇರೆ ಯಾವುದೂ ಕೆಡಲಿಲ್ಲವೆಂದು ಪರೀಕ್ಷಿಸುವುದು. ಉಳಿದ ಹೊತ್ತು ಮೀಟಿಂಗು, ಇ-ಮೇಲು, ವರದಿ. ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ದಿನ ಹೋದದ್ದುಂಟು. ಇದನ್ನು ಇಷ್ಟಪಡುವವನಿಗೆ ಇದು ಒಗಟು ಬಿಡಿಸಿದಷ್ಟು ಸಂತೋಷದ ಕೆಲಸ. ಇಷ್ಟವಿಲ್ಲದವನಿಗೆ ದಿನವೊಂದು ಯುಗ.

ಬೇಸರದ ಕಾರಣಗಳು

ಇಷ್ಟು ವರ್ಷಗಳಲ್ಲಿ ನಾನು ಅನುಭವಿಸಿದ ಮತ್ತು ನನ್ನ ಸಂಗಡಿಗರಲ್ಲಿ ಕಂಡ ಬೇಸರದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲನೆಯದು, ಗಡುವು. ಕೆಲಸ ಎಷ್ಟು ದಿನ ಹಿಡಿಯುತ್ತದೆ ಎಂದು ಮಾಡುವವನನ್ನು ಕೇಳದೆ ಮೊದಲೇ ತಾರೀಖು ಕೊಟ್ಟಿರುತ್ತಾರೆ. ತಡವಾದಾಗ ಇನ್ನೂ ಹತ್ತು ಜನರನ್ನು ತಂದು ಕೂರಿಸುತ್ತಾರೆ. ಐಬಿಎಂ ಕಂಪನಿಯ ಒಂದು ಬೃಹತ್ ಸಾಫ್ಟ್‌ವೇರ್ ಯೋಜನೆಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಎಂಬವರು 1975ರಲ್ಲಿ ಒಂದು ಪುಸ್ತಕ ಬರೆದು, ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ತೋರಿಸಿಕೊಟ್ಟರು. ನಮ್ಮ ಅಬ್ಬಾ ಆ ಪುಸ್ತಕ ಓದಿದವರಲ್ಲ. ಆದರೆ ಹಬ್ಬದ ಹಿಂದಿನ ವಾರ ಅಂಗಡಿಗೆ ಹೊಸ ಹುಡುಗನನ್ನು ಅವರು ಎಂದೂ ಸೇರಿಸಿಕೊಳ್ಳುತ್ತಿರಲಿಲ್ಲ. ಅವನಿಗೆ ಕಲಿಸುತ್ತ ಕುಳಿತರೆ ತನ್ನ ಕೈಯಲ್ಲಿರುವ ಅಂಗಿಯೂ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಎರಡನೆಯದು, ಅರ್ಧಕ್ಕೆ ನಿಲ್ಲುವ ಕೆಲಸ. ವಿಜಯಪುರದ ಬಾರಾ ಕಮಾನನ್ನು ನೀವೆಲ್ಲರೂ ನೋಡಿದ್ದೀರಿ. ಎರಡನೆಯ ಅಲಿ ಆದಿಲ್ ಶಾಹನ ಆ ಗೋರಿ ಕಟ್ಟಡ ಪೂರ್ಣವಾಗಿದ್ದರೆ ಗೋಲಗುಂಬಜ್‌ಗೆ ಸರಿಸಾಟಿಯಾಗಿ ನಿಲ್ಲುತ್ತಿತ್ತೋ ಏನೋ. ಇಂದು ಕಮಾನುಗಳಷ್ಟೇ ಉಳಿದಿವೆ. ಸಾಫ್ಟ್‌ವೇರ್ ಉದ್ಯಮದಲ್ಲಿ ಇಂಥ ಬಾರಾ ಕಮಾನುಗಳು ಬಹಳ. ಒಂದೂವರೆ ವರ್ಷ ಹಗಲುರಾತ್ರಿ ದುಡಿದ ಯೋಜನೆಯನ್ನು ದೂರದೇಶದ ಗ್ರಾಹಕ ಒಂದು ಪತ್ರ ಬರೆದು ರದ್ದು ಮಾಡುತ್ತಾನೆ. ಸಂಬಳವೇನೋ ಬಂದಿರುತ್ತದೆ. ಆದರೆ ಮನಸ್ಸಿಗೆ ಆಗುವ ನೋವನ್ನು ಮನೆಯವರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಮೂರನೆಯದು, ಹೊತ್ತುಗೊತ್ತು. ಅಮೆರಿಕದ ಹಗಲು ನಮ್ಮ ರಾತ್ರಿ. ರಾತ್ರಿ 10 ಗಂಟೆಗೆ ಫೋನಿನ ಮೀಟಿಂಗು, ಬೆಳಿಗ್ಗೆ ಮತ್ತೆ ಕಚೇರಿ. ಬೆನ್ನುನೋವು, ಕಣ್ಣುರಿ, ನಿದ್ರೆಗೇಡು ಸಾಮಾನ್ಯ. ಹಬ್ಬದ ದಿನವೇ ತುರ್ತು ಕೆಲಸ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಾದ್ಯಂತ ಚರ್ಚೆಯಾಯಿತು. 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿಯೇ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹೆಚ್ಚಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. ನೆರಳಿನ ಕೆಲಸವೆಂದರೆ ದಣಿವಿಲ್ಲದ ಕೆಲಸವೆಂದು ಯಾರೂ ತಿಳಿಯಬಾರದು. ನಮ್ಮ ಹೆಣ್ಣುಮಕ್ಕಳಿಗೆ ಈ ಭಾರ ಇನ್ನೂ ಹೆಚ್ಚು. 2020ರ ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಕೆಲವರಿಗೆ ಬಾಗಿಲು ತೆರೆಯಿತು, ನಿಜ. ಆದರೆ ಅದೇ ಮನೆಯಲ್ಲಿ ಅಡುಗೆ, ಮಕ್ಕಳು, ಅತ್ತೆಮಾವ, ಮೀಟಿಂಗು ಎಲ್ಲವೂ ಒಬ್ಬಳ ಹೆಗಲಿಗೇ ಬಂದದ್ದನ್ನೂ ನೋಡಿದ್ದೇನೆ.

ನಾಲ್ಕನೆಯದು, ಅಂಕ ಹಾಕುವ ಪದ್ಧತಿ. ಎಷ್ಟೋ ಕಡೆ ವರ್ಷಕ್ಕೊಮ್ಮೆ ತಂಡದವರನ್ನು ಮೇಲೆ ಕೆಳಗೆ ಎಂದು ಸಾಲಾಗಿ ನಿಲ್ಲಿಸುತ್ತಾರೆ. ಎಲ್ಲರೂ ಚೆನ್ನಾಗಿ ದುಡಿದಿದ್ದರೂ ಯಾರಾದರೂ ಕೆಳಗೆ ನಿಲ್ಲಲೇಬೇಕು. ಪಕ್ಕದಲ್ಲಿ ಕುಳಿತು ಊಟ ಮಾಡಿದ ಗೆಳೆಯನೇ ಪ್ರತಿಸ್ಪರ್ಧಿಯಾಗುತ್ತಾನೆ.

ಐದನೆಯದು, ಅಭದ್ರತೆ. 2001ರಲ್ಲಿ ಅಮೆರಿಕದ ಡಾಟ್‌ಕಾಂ ಕಂಪನಿಗಳು ಕುಸಿದಾಗ ಇಲ್ಲಿಯವರ ಕೆಲಸ ಹೋಯಿತು. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿದಾಗ ಮತ್ತೆ ಹೋಯಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಕೃತಕ ಬುದ್ಧಿಮತ್ತೆ ತಾನೇ ಪ್ರೋಗ್ರಾಂ ಬರೆದುಕೊಡತೊಡಗಿದೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಒಮ್ಮೆ ಕಲಿತು ಜೀವನಪೂರ್ತಿ ಉಣ್ಣುವ ವಿದ್ಯೆ ಇದಲ್ಲ.

ಮಿಶಿನ್‌ಗೆ ಎಣ್ಣಿ

ಈ ಕೊನೆಯ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. 2009ರ ಜನವರಿಯಲ್ಲಿ ನಾನಿದ್ದ ಕಂಪನಿ ಒಂದು ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಕೆಲವರನ್ನು ಒಬ್ಬೊಬ್ಬರಾಗಿ ಕರೆದು, ಮಧ್ಯಾಹ್ನದೊಳಗೆ ಗುರುತಿನ ಚೀಟಿ ತೆಗೆದುಕೊಂಡು ಕಳುಹಿಸಿತು. ನಾನು ಮನೆಗೆ ಹೇಳಲಿಲ್ಲ. ತಂಗಿಯ ಮದುವೆಯ ಮಾತುಕತೆ ನಡೆದಿತ್ತು. ಮೊಹಲ್ಲಾದಲ್ಲಿ ನನ್ನ ಹೆಸರು ಹೇಳಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನಾನು ಪ್ರತಿದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ರೂಮಿನಿಂದ ಹೊರಟು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಸಂಜೆ ವಾಪಸು ಬರುತ್ತಿದ್ದೆ. ಉಳಿತಾಯದ ಹಣವನ್ನೇ ಸಂಬಳವೆಂದು ಎರಡು ತಿಂಗಳು ಮನೆಗೆ ಕಳುಹಿಸಿದೆ. ಮೂರನೆಯ ತಿಂಗಳು ಕಳುಹಿಸಲು ಏನೂ ಉಳಿದಿರಲಿಲ್ಲ. ಸುಳ್ಳಿನ ಭಾರವೂ ತಡೆಯದಾಯಿತು. ಫೋನು ಮಾಡಿ ಅಬ್ಬಾಗೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂಗಡ್ಯಾಗ ಸೀಜನ್ನೂ ಇರ್ತದ, ಅನ್‌ಸೀಜನ್ನೂ ಇರ್ತದ ಬೇಟಾ. ಅನ್‌ಸೀಜನ್ದಾಗ ನಾವು ಮಿಶಿನ್ ಬಿಚ್ಚಿ ಎಣ್ಣಿ ಹಾಕ್ತೀವಿ. ನೀನೂ ಹಾಕು" ಎಂದರು. ಮುಂದಿನ ನಾಲ್ಕು ತಿಂಗಳು ಅದೇ ಗ್ರಂಥಾಲಯದಲ್ಲಿ ಕುಳಿತು, ಕಾಲೇಜಿನಲ್ಲಿ ಪರೀಕ್ಷೆಗಷ್ಟೇ ಓದಿದ್ದ ಡೇಟಾಬೇಸ್ ವಿಷಯವನ್ನು ಬುಡದಿಂದ ಕಲಿತೆ. ಮೊದಲಿಗಿಂತ ಕಡಿಮೆ ಸಂಬಳದ ಒಂದು ಕೆಲಸ ಸಿಕ್ಕಿತು. ಇಂದಿಗೂ ನಾನು ಅನ್ನ ತಿನ್ನುತ್ತಿರುವುದು ಆ ನಾಲ್ಕು ತಿಂಗಳಲ್ಲಿ ಕಲಿತ ವಿದ್ಯೆಯಿಂದ.

ಈ ಸಭೆಯಲ್ಲಿ ಈಗ ಕೆಲಸ ಕಳೆದುಕೊಂಡು ಮನೆಗೆ ಹೇಳದೆ ಇರುವ ಯಾವ ತಮ್ಮನಾದರೂ, ತಂಗಿಯಾದರೂ ಇದ್ದರೆ ದಯವಿಟ್ಟು ಇಂದೇ ಹೇಳಿರಿ. ಪಾಲಕರೇ, ಅವರು ಹೇಳಿದಾಗ ನೀವು ಬೈಯಬೇಡಿರಿ. ಕೆಲಸ ಹೋದದ್ದು ಅವರ ಚಾರಿತ್ರ್ಯಕ್ಕೆ ಬಂದ ಕಳಂಕವಲ್ಲ.

ಸಂಬಳ ಮತ್ತು ಸಂತೃಪ್ತಿ

ಇಷ್ಟೆಲ್ಲ ಬೇಸರವಿದ್ದರೂ ಜನ ಈ ಕೆಲಸದಲ್ಲಿ ಏಕೆ ಇದ್ದಾರೆ? ಸಂಬಳಕ್ಕಾಗಿ ಎಂದು ನೀವು ಹೇಳಬಹುದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಜನ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಸಂಬಳ, ಮೇಲಧಿಕಾರಿಯ ನಡತೆ, ಕಂಪನಿಯ ನಿಯಮ, ಕೆಲಸದ ಜಾಗ ಇವು ಸರಿಯಿಲ್ಲದಿದ್ದರೆ ಮನುಷ್ಯನಿಗೆ ಅತೃಪ್ತಿಯಾಗುತ್ತದೆ. ಇವು ಸರಿಯಾದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ತೃಪ್ತಿ ಬರುವುದು ಬೇರೆ ಕಡೆಯಿಂದ: ಒಂದು ಕೆಲಸವನ್ನು ಮಾಡಿ ಮುಗಿಸಿದ ಭಾವನೆ, ಅದಕ್ಕೆ ಸಿಕ್ಕ ಮನ್ನಣೆ, ಕೆಲಸದಲ್ಲಿಯೇ ಇರುವ ರುಚಿ, ಹೊಣೆಗಾರಿಕೆ, ಬೆಳವಣಿಗೆ. ಇದು ಅವರು ಕಂಡುಕೊಂಡ ವಿಷಯ. ಸಂಬಳ ಹೆಚ್ಚಾದ ಸಂತೋಷ ಮೂರು ತಿಂಗಳೂ ಬಾಳುವುದಿಲ್ಲವೆಂಬುದು ನನ್ನ ಅನುಭವ. ಅಷ್ಟರಲ್ಲಿ ಖರ್ಚೂ ಅದರ ಎತ್ತರಕ್ಕೆ ಬೆಳೆದಿರುತ್ತದೆ.

ನನಗೆ ಮೊದಲ ಬಾರಿಗೆ ತೃಪ್ತಿ ಸಿಕ್ಕಿದ್ದು 2010ರಲ್ಲಿ. ಆಗ ನಾನು ಒಂದು ವಿದೇಶಿ ಆರೋಗ್ಯ ವಿಮೆಯ ಪ್ರೋಗ್ರಾಮಿನ ಮೇಲೆ ಕೆಲಸ ಮಾಡುತ್ತಿದ್ದೆ. ಕೆಲವರ ಔಷಧದ ಬಿಲ್ಲುಗಳು ಕಾರಣವಿಲ್ಲದೆ ತಿರಸ್ಕೃತವಾಗುತ್ತಿದ್ದವು. ಹುಡುಕಿ ನೋಡಿದರೆ ಅವರೆಲ್ಲರೂ ಫೆಬ್ರವರಿ 29ರಂದು ಹುಟ್ಟಿದವರು! ಅಧಿಕ ವರ್ಷವಲ್ಲದ ವರ್ಷಗಳಲ್ಲಿ ಅವರ ವಯಸ್ಸು ಲೆಕ್ಕ ಹಾಕಲು ನಮ್ಮ ಪ್ರೋಗ್ರಾಮಿಗೆ ಬರುತ್ತಿರಲಿಲ್ಲ. ಸರಿಪಡಿಸಿದ್ದು ಮೂರೇ ಸಾಲು. ಆದರೆ ಎಲ್ಲೋ ದೂರದಲ್ಲಿ ಔಷಧದ ಅಂಗಡಿಯ ಮುಂದೆ ನಿಂತ ಯಾರೋ ಒಬ್ಬ ಮುದುಕಿ ಬರಿಗೈಯಲ್ಲಿ ವಾಪಸು ಹೋಗುವುದು ತಪ್ಪಿತು ಎಂದು ಅಂದು ನನಗೆ ಅನಿಸಿತು. ಆ ಸಂಜೆ ಅಬ್ಬಾಗೆ ಫೋನು ಮಾಡಿ ವಿವರಿಸಿದೆ. "ಅಂದ್ರ ಗುಂಡಿ ಐತಿ, ಕಾಜಾ ಇಲ್ಲ. ನೀ ಕಾಜಾ ಮಾಡಿದಿ" ಎಂದರು. ಐದು ವರ್ಷದ ಹಿಂದೆ ಅವರು ಕೇಳಿದ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತ್ತು.

ನಮ್ಮ ಕಣ್ಣೆದುರಿನ ಉದಾಹರಣೆಯೂ ಇದೆ. ಹೊಲದ ಪಹಣಿ, ನಮ್ಮ ಜನ ಉತಾರ ಎನ್ನುತ್ತಾರಲ್ಲ, ಅದಕ್ಕಾಗಿ ರೈತರು ತಲಾಟಿಯನ್ನು ಹುಡುಕಿಕೊಂಡು ಅಲೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರ ಸಾಫ್ಟ್‌ವೇರ್ ಬರೆದವರು ಎನ್‌ಐಸಿ, ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇಂಜಿನಿಯರುಗಳು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಇಂಡಿಯ ರೈತನಿಗೂ, ಸಿಂದಗಿಯ ರೈತನಿಗೂ ಅದನ್ನು ಬರೆದವರ ಹೆಸರು ಗೊತ್ತಿಲ್ಲ. ಆದರೂ ಅದು ಅವರ ಬದುಕನ್ನು ಮುಟ್ಟಿತು.

ನಮ್ಮ ದೀನ್ ಹಲಾಲ್ ದುಡಿಮೆಯನ್ನು ಗೌರವಿಸುತ್ತದೆ. ದಾವೂದ್ ಅಲೈಹಿಸ್ಸಲಾಮ್ ಅರಸರಾಗಿದ್ದರೂ ಕೈಯಾರೆ ಕವಚ ಮಾಡುತ್ತಿದ್ದರು. ಇದ್ರೀಸ್ ಅಲೈಹಿಸ್ಸಲಾಮ್ ಹೊಲಿಗೆ ಕೆಲಸ ಮಾಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ನಮ್ಮದೇ ಬಾಗೇವಾಡಿಯ ಬಸವಣ್ಣನವರು 12ನೇ ಶತಮಾನದಲ್ಲಿ ಸಾರಿದ ಕಾಯಕ ತತ್ವವೂ ಇದೇ ದಾರಿಯದು. ಅಂಗಿಯ ಒಳಹೊಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಂಗಿ ಬಾಳುವುದು ಅದರಿಂದಲೇ. ನೋಡುವವರಿಲ್ಲದಿದ್ದರೂ ಅದನ್ನು ಗಟ್ಟಿಯಾಗಿ ಹಾಕುವವನಿಗೆ ಈ ವೃತ್ತಿಯಲ್ಲಿ ನೆಮ್ಮದಿ ಉಂಟು.

ಕೆಲವು ಸಲಹೆಗಳು

ವಿದ್ಯಾರ್ಥಿಗಳೇ, ಈಗ ನಿಮಗೆ ಕೆಲವು ಮಾತು.

1. ಕಂಪ್ಯೂಟರ್ ಸೈನ್ಸ್ ಸೇರುವ ಮೊದಲು ನಿಮ್ಮನ್ನು ಪರೀಕ್ಷಿಸಿಕೊಳ್ಳಿರಿ. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ತಪ್ಪು ಬರುತ್ತದೆ. ಎರಡು ಗಂಟೆ ಹುಡುಕಿದ ಮೇಲೂ ಇನ್ನೂ ಹುಡುಕಬೇಕೆನಿಸಿದರೆ ಈ ದಾರಿ ನಿಮ್ಮದು. ಅನಿಸದಿದ್ದರೆ ನಾಚಿಕೆ ಬೇಡ. ಶಿಕ್ಷಕ, ನರ್ಸ್, ಕೃಷಿ ಪದವೀಧರ, ವಕೀಲ, ಎಲ್ಲರೂ ಸಮಾಜಕ್ಕೆ ಬೇಕು.

2. ಬುನಾದಿ ಗಟ್ಟಿ ಮಾಡಿರಿ. ಗಣಿತ, ಇಂಗ್ಲಿಷ್, ಕಂಪ್ಯೂಟರಿನ ಮೂಲತತ್ವಗಳು ಹಳೆಯದಾಗುವುದಿಲ್ಲ. ಕೃತಕ ಬುದ್ಧಿಮತ್ತೆ ಪ್ರೋಗ್ರಾಂ ಬರೆದುಕೊಟ್ಟರೂ ಅದು ಸರಿಯೋ ತಪ್ಪೋ ಎಂದು ನೋಡಲು ತಿಳಿದವರು ಬೇಕೇ ಬೇಕು.

3. ಕೆಲಸ ಸಿಕ್ಕ ಮೊದಲ ವರ್ಷ ಕಾರು, ಫ್ಲ್ಯಾಟು ಎಂದು ಸಾಲ ಮಾಡಬೇಡಿರಿ. ಆರು ತಿಂಗಳ ಖರ್ಚಿನಷ್ಟು ಹಣ ಕೂಡಿಡಿರಿ. ನನ್ನ ಬಳಿ ಎರಡು ತಿಂಗಳಿನದು ಮಾತ್ರ ಇತ್ತು.

4. ನಮಾಜು, ಊಟ, ನಿದ್ರೆ, ಮನೆಗೆ ಫೋನು, ಇವುಗಳ ಹೊತ್ತನ್ನು ಬಿಟ್ಟುಕೊಡಬೇಡಿರಿ. ಶುಕ್ರವಾರ ಜುಮಾಗೆ ಹೋಗಬೇಕೆಂದು ಸೇರಿದ ವಾರದಲ್ಲೇ ವಿನಯದಿಂದ ಹೇಳಿರಿ, ಆ ಹೊತ್ತಿನ ಕೆಲಸವನ್ನು ನಂತರ ಮುಗಿಸಿರಿ. ನನ್ನ ಸಂಗಡಿಗರು, ಅವರು ಯಾವ ಧರ್ಮದವರೇ ಇರಲಿ, ನನಗೆ ಹೊಂದಾಣಿಕೆ ಮಾಡಿಕೊಟ್ಟಿದ್ದಾರೆ. ಅವರ ದೀಪಾವಳಿಗೆ ನಾನು ಕುಳಿತು ಕೆಲಸ ನೋಡಿಕೊಂಡಿದ್ದೇನೆ.

5. ಯಾವ ಕೆಲಸ ಕೊಟ್ಟರೂ "ಇದನ್ನು ಯಾರು ಬಳಸುತ್ತಾರೆ?" ಎಂದು ಕೇಳಿರಿ. ಇದನ್ನು ಕೇಳದೆ ಐದು ವರ್ಷ ಕಳೆದದ್ದು ನಾನು ಮಾಡಿದ ತಪ್ಪು.

ಪಾಲಕರಲ್ಲಿ ಒಂದೇ ವಿನಂತಿ. ನೆರೆಮನೆಯ ಹುಡುಗನ ಸಂಬಳ ನೋಡಿ ನಿಮ್ಮ ಮಗುವಿನ ದಾರಿ ತೀರ್ಮಾನ ಮಾಡಬೇಡಿರಿ. ಹೊಲ ಮಾರುವ ಮೊದಲು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶೈಕ್ಷಣಿಕ ಸಾಲ ಯೋಜನೆಯ ಬಗ್ಗೆ ವಿಚಾರಿಸಿರಿ. ಮಗಳಿಗೂ ಮಗನಷ್ಟೇ ಓದುವ ಅವಕಾಶ ಕೊಡಿರಿ.

ಸಂಘದವರಲ್ಲಿಯೂ ಒಂದು ಬೇಡಿಕೆ ಇದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಹೊತ್ತಿಗೆ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ದೊಡ್ಡ ವಿದ್ಯಾಕೇಂದ್ರವಿತ್ತು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು ಎಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಅಂದು ಓದಲು ಜನ ಇಲ್ಲಿಗೆ ಬರುತ್ತಿದ್ದರು, ಇಂದು ನಮ್ಮ ಮಕ್ಕಳು ದುಡಿಯಲು ಹೊರಗೆ ಹೋಗುತ್ತಾರೆ. ಹಾಗೆ ಹೋದವರ, ಅಂದರೆ ನಮ್ಮ ನಾಲ್ಕು ತಾಲ್ಲೂಕುಗಳಿಂದ ಈ ವೃತ್ತಿಗೆ ಹೋದವರ ಒಂದು ಪಟ್ಟಿ ಸಂಘದಲ್ಲಿರಲಿ. ಹೊಸದಾಗಿ ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರಿಗೆ ಕೇಳಲು ಒಬ್ಬರು ಇರಲಿ. ಕೆಲಸ ಹೋದವನು ಗ್ರಂಥಾಲಯದಲ್ಲಿ ಒಬ್ಬನೇ ಕೂರುವಂತಾಗದಿರಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿರಿ.

ನಮ್ಮ ಮಕ್ಕಳಿಗೆ ಲಾಭದಾಯಕವಾದ ಜ್ಞಾನವನ್ನೂ, ಹಲಾಲ್ ದುಡಿಮೆಯನ್ನೂ, ಆ ದುಡಿಮೆಯಲ್ಲಿ ಬರಕತ್ತನ್ನೂ ನೆಮ್ಮದಿಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.

ವ ಆಖಿರು ದಅವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.